ಏಳು ನಡುಗಡ್ಡೆಗಳ ನಗರದಲ್ಲಿ ಎಂಟು ದಿನ

ಐಗಳಿಯು ಅಥಣಿ ತಾಲೂಕಿನ ಬಯಲುಸೀಮೆಯ ಊರು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನಮ್ಮ ರೈತರು ದ್ರಾಕ್ಷಿ ಬೆಳೆದು, ಅದನ್ನು ನೆರಳಿನಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾಡಿ ದೂರದ ಪೇಟೆಗಳಿಗೆ ಕಳುಹಿಸುತ್ತಾರೆ. ಇಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಮಠದ ಪಾಠಶಾಲೆಯನ್ನು ಸೇರಿ, ಸಂಸ್ಕೃತ ವ್ಯಾಕರಣವನ್ನೂ ಶರಣಸಾಹಿತ್ಯವನ್ನೂ ಓದಿ, ಓದಿದ್ದನ್ನು ಇತರರಿಗೆ ಓದಿಸುತ್ತ ಬಂದ ನಮಗೆ ಸಮುದ್ರವೆಂಬುದು ಬಹುಕಾಲ ಅಮರಕೋಶದಲ್ಲಿನ ಒಂದು ಶಬ್ದವಾಗಿಯೇ ಉಳಿದಿತ್ತು. ಅರವತ್ತು ದಾಟಿ ಏಳು ವರ್ಷಗಳಾದ ಮೇಲೆ, ಈ ಸಲದ ಫೆಬ್ರವರಿ ತಿಂಗಳಿನಲ್ಲಿ, ಆ ಸಮುದ್ರದ ನಡುವೆ ಎದ್ದುನಿಂತ ಮುಂಬಯಿಯಲ್ಲಿ ಎಂಟು ದಿನ ಇದ್ದುಬಂದೆವು. ಅಲ್ಲಿ ಕಂಡ ಕಲೆ, ಕೇಳಿದ ಸಂಗೀತ, ಅವುಗಳ ಜೊತೆಗೆ ನಮ್ಮ ಬಾಳಿನ ಒಂದು ಹಳೆಯ ಸಾಲವನ್ನು ತೀರಿಸಿದ ಬಗೆ, ಇವನ್ನು ಓದುಗ ಬಂಧುಗಳ ಮುಂದಿಡಬೇಕೆಂದು ಈ ಲೇಖನ.

ಮುಂಬಯಿಯಲ್ಲಿ ನಮ್ಮ ತಮ್ಮನಿದ್ದಾನೆ. ನಮಗಿಂತ ಮೂರು ವರ್ಷ ಚಿಕ್ಕವನು. ಅವನು ಊರು ಬಿಟ್ಟು ನಾಲ್ವತ್ತೈದು ವರ್ಷಗಳ ಮೇಲಾಯಿತು. ಬಿಟ್ಟದ್ದಕ್ಕೆ ಕಾರಣ ನಾವೇ ಎಂಬುದನ್ನು ಇಷ್ಟು ಕಾಲ ಯಾರ ಮುಂದೆಯೂ ಹೇಳಿರಲಿಲ್ಲ. ನಾವು ಪಾಠಶಾಲೆಯಲ್ಲಿದ್ದ ಕಾಲದಲ್ಲಿ ಜಾತ್ರೆಗೆಂದು ಮಠದ ಹೊರಗೋಡೆಗೆಲ್ಲ ಸುಣ್ಣ ಬಳಿಸಿದ್ದರು. ಜಾತ್ರೆಗೆ ಬಂದ ನಮ್ಮ ತಮ್ಮ ರಾತ್ರಿ ದಾಸೋಹದ ಒಲೆಯಲ್ಲಿನ ಇದ್ದಿಲನ್ನು ತೆಗೆದುಕೊಂಡು ಆ ಬಿಳಿಯ ಗೋಡೆಯ ಮೇಲೆ ಜೋಡೆತ್ತಿನ ಬಂಡಿ, ತಲೆಯ ಮೇಲೆ ಬುತ್ತಿ ಹೊತ್ತ ತಾಯಿ, ನಂದಿಕೋಲು ಹಿಡಿದು ಕುಣಿಯುವವರು, ಹೀಗೆ ಜಾತ್ರೆಯನ್ನೇ ಬರೆದಿಟ್ಟಿದ್ದ. ಬೆಳಗಾದ ಮೇಲೆ ಜನ ನೆರೆದು ನೋಡುತ್ತಿದ್ದರು. ನಮಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ಎಲ್ಲರೆದುರು ಅವನ ರಟ್ಟೆ ಹಿಡಿದು, “ಗೋಡೆ ಕೆಡಿಸುವವನಿಗೆ ಮಠದಲ್ಲೇನು ಕೆಲಸ? ಇದು ಭಿಕ್ಷೆ ಬೇಡುವವರ ವಿದ್ಯೆ” ಎಂದು ಹೊರಗೆ ನಡೆಸಿದೆವು. ಗುರುಗಳು ನೋಡಿದರು, ಏನೂ ಅನ್ನಲಿಲ್ಲ. ಸುಣ್ಣದ ಬೋಗುಣಿ ತಂದು ಆ ಚಿತ್ರಗಳ ಮೇಲೆ ಎರಡು ಸಲ ಬಳಿದವರು ನಾವೇ. ಮರುವರ್ಷ ಅವನು ಊರಿನ ಗಿರಣಿ ಕೆಲಸಗಾರರೊಬ್ಬರ ಬೆನ್ನುಹತ್ತಿ ಮುಂಬಯಿಗೆ ಹೋದ.

ಆಮೇಲೆ ಮದುವೆ, ಮರಣ, ಹೊಲದ ಪಾಲು ಮುಂತಾದ ಕಾರಣಗಳಿಗೆ ಬಂದುಹೋಗುತ್ತಿದ್ದ. ನಮ್ಮಲ್ಲಿ ಮಾತಿಗೆ ಕೊರತೆಯಿರಲಿಲ್ಲ. ಆ ಗೋಡೆಯ ಮಾತೊಂದನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಈ ವರ್ಷ ಸಂಕ್ರಾಂತಿಯ ದಿನ ದೂರವಾಣಿಯಲ್ಲಿ, “ಅಣ್ಣಾ, ನನ್ನ ಕಣ್ಣಿನ ನರಾ ಒಣಗಲಿಕ್ಕೆ ಹತ್ಯಾವಂತ. ಇದ್ದ ನೋಟ ಉಳಿಸಿಕೊಳ್ಳೋದಷ್ಟs ಕೈಯಾಗ ಐತಿ ಅಂತ ಡಾಕ್ಟರು ಹೇಳ್ಯಾರು. ಕಾಣಿಸೋದರಾಗ ಒಮ್ಮೆ ಬರ್ರಿ, ನಿಮಗ ಘಾರಾಪುರಿ ತೋರಸ್ತೀನಿ” ಎಂದ. ಇಷ್ಟು ವರ್ಷಗಳಲ್ಲಿ ಅವನು ನಮ್ಮನ್ನು ಕೇಳಿಕೊಂಡದ್ದು ಇದೊಂದನ್ನೇ.

ಎರಡು ಕಿಲೊ ಒಣದ್ರಾಕ್ಷಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅಥಣಿಯ ಮೇಲಿಂದ ಮಿರಜಿಗೆ ಬಂದೆವು. ಮಿರಜ ನಮ್ಮ ಗಡಿಭಾಗದವರಿಗೆ ದವಾಖಾನೆಯ ಊರು, ರೈಲಿನ ಊರು. ಅದು ಸಂಗೀತದ ಊರೂ ಹೌದೆಂಬುದನ್ನು ಮರೆಯಬಾರದು. ಕಿರಾನಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಳ್ಳುವವರೆಗೆ ನೆಲೆನಿಂತದ್ದು ಇಲ್ಲಿ. ಧಾರವಾಡ ಸೀಮೆಯ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನೀಲಕಂಠಬುವಾ ಅವರ ಬಳಿ ಪಾಠ ಹೇಳಿಸಿಕೊಂಡದ್ದೂ ಇಲ್ಲಿಯೇ. ಸಿತಾರ, ತಂಬೂರಿಗಳನ್ನು ಮಾಡುವ ಕುಟುಂಬಗಳು ಇಂದಿಗೂ ಇಲ್ಲಿವೆ. ದೊಡ್ಡ ಕುಂಬಳಗಳಂಥ ಸೋರೆಬುರುಡೆಗಳನ್ನು ಅಂಗಡಿಯ ಮುಂದೆ ತೂಗುಹಾಕಿದ್ದನ್ನು ನೋಡುತ್ತ ನಿಂತೆವು. ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗಿಗೆ ಮುಂಬಯಿಯಲ್ಲಿದ್ದೆವು.

ಇಂದು ಒಂದೇ ನೆಲವಾಗಿ ಕಾಣುವ ಮುಂಬಯಿಯು ಮೂಲದಲ್ಲಿ ಏಳು ನಡುಗಡ್ಡೆಗಳು: ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ, ಪರೇಲ, ವರಳಿ ಮತ್ತು ಮಾಹೀಮ. 1661ರಲ್ಲಿ ಪೋರ್ತುಗಾಲದ ರಾಜಕುಮಾರಿಯ ಮದುವೆಯ ಒಪ್ಪಂದದಲ್ಲಿ ಇವು ಇಂಗ್ಲೆಂಡಿನ ದೊರೆಗೆ ಸಂದವು. 1668ರಲ್ಲಿ ಆ ದೊರೆ ಇವನ್ನು ವರ್ಷಕ್ಕೆ ಹತ್ತು ಪೌಂಡುಗಳ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಆಮೇಲೆ ಒಡ್ಡು ಹಾಕಿ, ಗುಡ್ಡ ಕಡಿದು, ಸಮುದ್ರ ತುಂಬಿ, ನೂರಾರು ವರ್ಷಗಳ ದುಡಿಮೆಯಿಂದ ಏಳನ್ನು ಒಂದು ಮಾಡಿದರು. ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗಿನ ಈ ಊರಿನಲ್ಲಿ ಫೆಬ್ರವರಿಯಲ್ಲಿಯೂ ಬೆವರು ಬಿಡುವುದಿಲ್ಲ. ತೆಂಗು, ಬಾದಾಮಿ, ಅರಳಿಯ ಮರಗಳು ಸಿಮೆಂಟಿನ ಸಂದಿನಲ್ಲಿಯೂ ಹಸಿರಾಗಿ ನಿಂತಿವೆ.

ತಮ್ಮನ ಮನೆ ಪರೇಲದ ಒಂದು ಚಾಳಿನಲ್ಲಿ. ಒಂದು ಕೋಣೆ, ಒಂದು ಅಡಿಗೆಯ ಮೂಲೆ, ಹೊರಗೆ ಉದ್ದನೆಯ ಪಡಸಾಲೆ. ಅಲ್ಲಿ ತಮ್ಮ, ಅವನ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ. ನಮ್ಮ ಲಿಂಗಪೂಜೆಗೆಂದು ಸೊಸೆ ನಸುಕಿನಲ್ಲಿಯೇ ಮೂಲೆಯೊಂದನ್ನು ಸಾರಿಸಿ, ದಾದರದ ಪೇಟೆಯಿಂದ ತರಿಸಿದ ಬಿಲ್ವಪತ್ರೆಯನ್ನು ತಟ್ಟೆಯಲ್ಲಿಟ್ಟಿದ್ದಳು. “ದೊಡ್ಡಮಾವಾರ, ಜಾಗಾ ಸಣ್ಣದೈತ್ರಿ” ಎಂದು ಸಂಕೋಚಪಟ್ಟಳು. ಅಂಗೈಯಷ್ಟು ಸ್ಥಳ ಸಾಕಾಗುವ ಪೂಜೆಯನ್ನು ನಮ್ಮ ಹಿರಿಯರು ಕಲಿಸಿಹೋಗಿರುವಾಗ ಸಂಕೋಚವೇಕೆಂದೆವು.

ತಮ್ಮನು ಮೊದಲು ಗಿರಣಿಯಲ್ಲಿ ಬದಲಿ ಕೆಲಸಗಾರನಾಗಿದ್ದ. 1982ರ ಜನವರಿಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಮುಗಿಯಲೇ ಇಲ್ಲವೆಂದರೂ ಸಲ್ಲುತ್ತದೆ. ಅನೇಕ ಗಿರಣಿಗಳು ಮತ್ತೆ ಬಾಗಿಲು ತೆರೆಯಲಿಲ್ಲ. ಆಗ ಹೊಟ್ಟೆಗಾಗಿ ಕುಂಚ ಹಿಡಿದ. ಅಂಗಡಿಗಳ ಬೋರ್ಡು, ಗೋಡೆಯ ಜಾಹೀರಾತು, ಸಿನೇಮಾ ಮಂದಿರಗಳ ಮುಂದಿನ ನಲವತ್ತು ಅಡಿಯ ಚಿತ್ರಪಟ, ಹೀಗೆ ಇಪ್ಪತ್ತು ವರ್ಷ ಬರೆದ. ಫ್ಲೆಕ್ಸ್ ಯಂತ್ರಗಳು ಬಂದ ಮೇಲೆ ಆ ಕೆಲಸವೂ ಹೋಯಿತು. ಆಮೇಲೆ ಚಾಳಿನ ಮಕ್ಕಳಿಗೆ ಚಿತ್ರ ಕಲಿಸುತ್ತ ಬಂದ. ರವಿವಾರಗಳಲ್ಲಿ ಮಾತ್ರ ಒಂದು ವಹಿ, ಒಂದು ಪೆನ್ಸಿಲು ಹಿಡಿದು ವಸ್ತುಸಂಗ್ರಹಾಲಯಕ್ಕೋ ಘಾರಾಪುರಿಗೋ ಹೋಗುವುದನ್ನು ತಪ್ಪಿಸಲಿಲ್ಲ. ಅಂಥ ವಹಿಗಳ ಒಂದು ಟ್ರಂಕೇ ಮಂಚದ ಕೆಳಗಿತ್ತು.

ಮರುದಿನ ಅವನು ನಮ್ಮನ್ನು ಮನೆಯ ಸಮೀಪದಲ್ಲಿಯೇ ಬಾರಾದೇವಿಯ ಗುಡಿಗೆ ಕರೆದೊಯ್ದ. 1931ರಲ್ಲಿ ಪರೇಲ-ಶಿವಡಿಗಳ ನಡುವೆ ರಸ್ತೆ ಮಾಡುವಾಗ ದೊರೆತ ದೊಡ್ಡ ಶಿವಶಿಲ್ಪ ಇಲ್ಲಿದೆ. ಎತ್ತರ ಸುಮಾರು ಹನ್ನೆರಡು ಅಡಿ. ಕಾಲ ಕ್ರಿಸ್ತಶಕ ಐದು-ಆರನೆಯ ಶತಮಾನ. ಕೆಳಗೊಬ್ಬ ಶಿವ ನಿಂತಿದ್ದಾನೆ. ಅವನ ಹೆಗಲಿನ ಹಿಂದಿನಿಂದ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ ಮೂಡಿದ್ದಾರೆ. ಎಡಬಲಗಳಲ್ಲಿ ಟಿಸಿಲೊಡೆದಂತೆ ನಾಲ್ವರು. ಒಟ್ಟು ಏಳು. ಕಾಲ ಬುಡದಲ್ಲಿ ಕುಳ್ಳ ಗಣಗಳು ವಾದ್ಯ ನುಡಿಸುತ್ತಿದ್ದಾರೆ. ಈ ಏಳು ರೂಪಗಳು ಸಪ್ತಸ್ವರಗಳೆಂದು ಬಗೆದ ವಿದ್ವಾಂಸರಿದ್ದಾರೆ. ಏಳು ನಡುಗಡ್ಡೆಗಳ ನಗರದಲ್ಲಿ ಏಳು ರೂಪಿನ ಶಿವನನ್ನು ಕಂಡು, ಒಂದೇ ಬೇರಿನಿಂದ ಹಲವು ಚಿಗುರುಗಳು ಒಡೆಯುವ ಸೋಜಿಗವನ್ನು ಕಲ್ಲಿನಲ್ಲಿ ಹೇಳಿದ ಆ ಹೆಸರಿಲ್ಲದ ಕಲ್ಲುಕುಟಿಗನಿಗೆ ಮನಸ್ಸಿನಲ್ಲಿಯೇ ಶರಣೆಂದೆವು.

ನಾವು ಹೋದ ಸಮಯಕ್ಕೆ ಕೋಟೆ ಪ್ರದೇಶದಲ್ಲಿ ಕಾಳಾ ಘೋಡಾ ಕಲಾ ಉತ್ಸವ ನಡೆದಿತ್ತು. 1999ರಿಂದ ನಡೆದುಬಂದ ಈ ಉತ್ಸವದಲ್ಲಿ ಒಂಬತ್ತು ದಿನ ಬೀದಿಯೇ ರಂಗಭೂಮಿ. ಒಂದೆಡೆ ಹುಡುಗಿಯರ ಭರತನಾಟ್ಯ, ಇನ್ನೊಂದೆಡೆ ಬೀದಿನಾಟಕ, ಮಗುದೊಂದೆಡೆ ತೊಗಲುಗೊಂಬೆಯವರು, ನೇಯುವವರು, ಮಣ್ಣಿನ ಕುಸುರಿಯವರು. ಈ ಸ್ಥಳಕ್ಕೆ ಹೆಸರು ಬಂದದ್ದು ಇಂಗ್ಲೆಂಡಿನ ಏಳನೆಯ ಎಡ್ವರ್ಡನು ಕುಳಿತ ಕಪ್ಪು ಕುದುರೆಯ ಪ್ರತಿಮೆಯಿಂದ. 1965ರಲ್ಲಿ ಆ ಪ್ರತಿಮೆಯನ್ನು ಇಲ್ಲಿಂದ ತೆಗೆದು ಭಾಯಖಳದ ಉದ್ಯಾನಕ್ಕೆ ಸಾಗಿಸಿದರು. ಹೆಸರು ಮಾತ್ರ ಜನರ ಬಾಯಿಯಲ್ಲಿ ಉಳಿಯಿತು. 2017ರಲ್ಲಿ ಹೊಸದೊಂದು ಕಪ್ಪು ಕುದುರೆಯನ್ನು ನಿಲ್ಲಿಸಿದರು. ಅದರ ಮೇಲೆ ಸವಾರನಿಲ್ಲ. ಅರಸನು ಇಳಿದುಹೋದ ಮೇಲೂ ಕುದುರೆ ಕಳೆಗುಂದಿಲ್ಲವೆಂದು ತಮ್ಮ ನಕ್ಕ.

ಎದುರಿಗೇ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವಿದೆ. 1922ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಗುಮ್ಮಟದ ಕಟ್ಟಡದೊಳಗೆ ನಮಗೆ ಕಾದಿದ್ದುದು ನಮ್ಮದೇ ನೆಲದ ಕಲ್ಲು. ಐಹೊಳೆಯ ಗುಡಿಯೊಂದರ ಮಾಡಿಗಿದ್ದ, ಏಳನೆಯ ಶತಮಾನದ ಬ್ರಹ್ಮನ ಫಲಕ ಇಲ್ಲಿ ಗೋಡೆಗೆ ನಿಂತಿದೆ. ತಲೆಯೆತ್ತಿ ನೋಡಬೇಕಾದ ಶಿಲ್ಪವನ್ನು ಕಣ್ಣಿನ ಮಟ್ಟಕ್ಕೆ ತಂದಿಟ್ಟದ್ದರಿಂದ, ಹಂಸದ ಗರಿಯ ಗೆರೆಯನ್ನೂ ಎಣಿಸಬಹುದು. ಐಹೊಳೆಗೆ ನಾವು ಹಲವು ಸಲ ಹೋಗಿದ್ದೇವೆ. ಪ್ರತಿ ಸಲವೂ ಶಾಸನ ಓದಿ, ಕಾಲನಿರ್ಣಯದ ಟಿಪ್ಪಣಿ ಬರೆದುಕೊಂಡು, ಸಂಗಮಕ್ಕೆ ಹೊರಡುವ ಮೋಟಾರು ಹಿಡಿದಿದ್ದೇವೆ. ಒಂದು ಶಿಲ್ಪದ ಮುಂದೆ ಕಾಲುಗಂಟೆ ನಿಂತದ್ದಿಲ್ಲ. ಅಂದು ನಿಂತೆವು. ತಮ್ಮನು ಮಾತಾಡಲಿಲ್ಲ, ಕೈಯನ್ನು ಗಾಳಿಯಲ್ಲಿ ಆಡಿಸಿ, ಬ್ರಹ್ಮನ ತೊಡೆಯ ಬಾಗನ್ನು ಒಂದೇ ಗೆರೆಯಲ್ಲಿ ತೋರಿಸಿದ.

ಪಕ್ಕದ ಜಹಾಂಗೀರ ಕಲಾಶಾಲೆ 1952ರಲ್ಲಿ ಆರಂಭವಾದದ್ದು. ಪ್ರವೇಶಧನವಿಲ್ಲ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಬಡತನದಲ್ಲಿ ಈ ನಗರಕ್ಕೆ ಬಂದು, ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ನಾಡಿಗೆಲ್ಲ ಹೆಸರಾದರು. ಅವರ ಗೆರೆಚಿತ್ರಗಳನ್ನು ತಮ್ಮ ತನ್ನ ವಹಿಯಲ್ಲಿ ನಕಲು ಮಾಡಿ ಮಾಡಿ ಕಲಿತನಂತೆ. “ಅವರೂ ಕನ್ನಡದವರು, ಅವರೂ ಬೋರ್ಡಿನ ಮೇಲೆ ಬಣ್ಣಾ ಹಚ್ಚೇ ಬದುಕು ಸುರು ಮಾಡಿರಬೇಕು ಅಂತ ನನಗ ನಾನs ಸಮಾಧಾನಾ ಹೇಳ್ಕೊಂಡೆ, ಅಣ್ಣಾ” ಎಂದ. ಆ ಮಾತು ನಿಜವೋ ಸುಳ್ಳೋ. ಅನ್ನದ ಚಿಂತೆಯಲ್ಲಿದ್ದ ಹುಡುಗನಿಗೆ ಅದು ಆಸರೆಯಾಯಿತೆಂಬುದಂತೂ ನಿಜ.

ಮುಂಬಯಿಯ ಕನ್ನಡಿಗರ ಕಲಾಸೇವೆಯನ್ನು ಹೇಳದಿದ್ದರೆ ಈ ಬರವಣಿಗೆ ಅಪೂರ್ಣ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ರಾತ್ರಿಶಾಲೆಗಳಲ್ಲಿ ಓದಿದರು. ಓದು ಮುಗಿದ ಮೇಲೆ ಅಲ್ಲಿಯೇ ಯಕ್ಷಗಾನ, ನಾಟಕ ಕಲಿತರು. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಲ್ಲಿ ಹುಟ್ಟಿದ್ದು. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರಂಥ ಕಾದಂಬರಿಕಾರರು ಬದುಕಿ ಬರೆದದ್ದು ಈ ನಗರದಲ್ಲಿ. ಸಂಗೀತದಲ್ಲಿಯಂತೂ ನಮ್ಮ ಬೆಳಗಾವಿ ಜಿಲ್ಲೆಯ ಋಣ ಈ ನಗರದ ಮೇಲಿದೆ, ಈ ನಗರದ ಋಣ ನಮ್ಮ ಮೇಲಿದೆ. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗನನ್ನು ಪ್ರೊ. ಬಿ. ಆರ್. ದೇವಧರರು ಇಲ್ಲಿಯ ತಮ್ಮ ಸಂಗೀತಶಾಲೆಯಲ್ಲಿ ಬೆಳೆಸಿದರು. ಆ ಹುಡುಗನೇ ಮುಂದೆ ಲೋಕವೆಲ್ಲ ಬಲ್ಲ ಕುಮಾರ ಗಂಧರ್ವ.

ಒಂದು ಸಂಜೆ ಮಾಟುಂಗಾದ ಸಭಾಂಗಣವೊಂದರಲ್ಲಿ ಯಕ್ಷಗಾನ ನೋಡಿದೆವು. ನಮ್ಮದು ಶ್ರೀಕೃಷ್ಣ ಪಾರಿಜಾತದ, ಸಣ್ಣಾಟದ, ಕರಡಿಮಜಲಿನ ಸೀಮೆ. ಚಂಡೆ-ಮದ್ದಳೆಯ ಗತ್ತು ನಮಗೆ ಹೊಸದು. ವೇಷ ತೊಟ್ಟವರಲ್ಲಿ ಒಬ್ಬರು ಬ್ಯಾಂಕಿನವರು, ಒಬ್ಬರು ಖಾನಾವಳಿಯವರು, ಒಬ್ಬರು ವಕೀಲರು ಎಂದು ಪಕ್ಕದವರು ಹೇಳಿದರು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಆಡುವ ನಮ್ಮ ಮೊಮ್ಮಗ ಮೊದಲು ಮುಖ ಗಂಟುಹಾಕಿಕೊಂಡು ಕುಳಿತಿದ್ದ. ರಾಕ್ಷಸನು ಪಂಜಿನ ನಡುವೆ ಕುಣಿಯುತ್ತ ಬಂದಾಗ ನಮ್ಮ ತೊಡೆ ಹಿಡಿದು, “ಅಜ್ಜಾರ, ಅಂವಾ ಏನಂದಾ?” ಎಂದು ಕೇಳತೊಡಗಿದ. ಆಟ ಮುಗಿಯುವವರೆಗೆ ಅವನಿಗೆ ಅರ್ಥ ಹೇಳುವುದೇ ನಮ್ಮ ಕೆಲಸವಾಯಿತು. ಭಾಷೆಯನ್ನು ಉಳಿಸಿರೆಂದು ನಾವು ವೇದಿಕೆಗಳಲ್ಲಿ ಎಷ್ಟೋ ಉಪನ್ಯಾಸ ಮಾಡಿದ್ದೇವೆ. ಒಂದು ಬಣ್ಣದ ವೇಷ ಎರಡು ಗಂಟೆಯಲ್ಲಿ ಮಾಡಿದ ಕೆಲಸವನ್ನು ಅವು ಮಾಡಿರಲಿಲ್ಲ.

ಆರನೆಯ ದಿನ ಘಾರಾಪುರಿಗೆ ಹೊರಟೆವು. 1924ರಲ್ಲಿ ಕಟ್ಟಿ ಮುಗಿಸಿದ ಗೇಟ್‌ವೇ ಆಫ್ ಇಂಡಿಯಾ ಎಂಬ ಕಮಾನಿನ ಬಳಿ ದೋಣಿ ಹತ್ತಬೇಕು. ನಡುಗಡ್ಡೆಯು ಸುಮಾರು ಹತ್ತು ಕಿಲೊಮೀಟರು ದೂರ. ಒಂದು ಗಂಟೆಯ ಪಯಣ. 2024ರ ಡಿಸೆಂಬರಿನಲ್ಲಿ ಈ ದಾರಿಯಲ್ಲಿ ದೋಣಿ ಅಪಘಾತವಾಗಿ ಜನ ಸತ್ತರು. ಆದ್ದರಿಂದ ತೇಲುವ ಅಂಗಿಯನ್ನು ಯಾರೂ ಬೇಡವೆನ್ನಬಾರದು. ನಾವೂ ವಿಭೂತಿಯ ಮೈಮೇಲೆ ಆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕುಳಿತೆವು; ಮೊಮ್ಮಗ ಕೈತಟ್ಟಿ ನಕ್ಕ. ಹುಟ್ಟು ಇಲ್ಲದ, ಎಂಜಿನ್ನಿನ ದೋಣಿಯಾದರೂ ಅಂಬಿಗರ ಚೌಡಯ್ಯನವರ ನೆನಪಾಗದಿರಲಿಲ್ಲ. ದೋಣಿ ನಡೆಸುವ ಕಾಯಕದಲ್ಲಿಯೇ ನಿಂತು ದಡ ಮುಟ್ಟಿದ ಹಿರಿಯರು ಅವರು.

ಬಾದಾಮಿಯ ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಸಿರಿಯಂತಿದ್ದ ಪುರಿ ಎಂಬ ಪಟ್ಟಣವನ್ನು ನೂರಾರು ನೌಕೆಗಳಿಂದ ಮುತ್ತಿದನೆಂದು ರವಿಕೀರ್ತಿಯು ಐಹೊಳೆಯ ಶಾಸನದಲ್ಲಿ ಹೇಳಿದ್ದಾನೆ. ಶಾಸನದ ಕಾಲ ಕ್ರಿಸ್ತಶಕ 634. ಆ ಪುರಿಯು ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮತ. ಅದು ಹೇಗೇ ಇರಲಿ, ಇಲ್ಲಿಯ ಗುಹೆಗಳು ಅದಕ್ಕಿಂತ ಮೊದಲಿನವು. ಆರನೆಯ ಶತಮಾನದ ನಡುವಿನಲ್ಲಿ ಕಲಚುರಿ ಅರಸರ ಕಾಲದಲ್ಲಿ ಕೊರೆದವೆಂದು ಬಹುಜನರ ಅಭಿಪ್ರಾಯ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಗೆ ಇವು ತುಸು ಹಿರಿಯವು. 1987ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಇಷ್ಟು ಖ್ಯಾತಿಯ ನಡುಗಡ್ಡೆಯ ಹಳ್ಳಿಗಳಿಗೆ ಸಮುದ್ರದಡಿಯ ತಂತಿಯಿಂದ ವಿದ್ಯುತ್ತು ಬಂದದ್ದು 2018ರಲ್ಲಿ.

ದೋಣಿ ಇಳಿದು ಸುಮಾರು ನೂರಿಪ್ಪತ್ತು ಮೆಟ್ಟಿಲು ಹತ್ತಿದರೆ ಮುಖ್ಯ ಗುಹೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕಣ್ಣಿಗೆ ಕತ್ತಲೆ. ಬರಬರುತ್ತ ಕಂಬಗಳು, ಕಂಬಗಳ ನಡುವಿನಿಂದ ಆಕೃತಿಗಳು ಮೂಡುತ್ತವೆ. ಬೆಟ್ಟದ ಕರಿಗಲ್ಲನ್ನೇ ಕೊರೆದು ಬಿಡಿಸಿದ ಈ ಮಂಟಪವು ಸುಮಾರು ಮೂವತ್ತೊಂಬತ್ತು ಮೀಟರು ಚೌಕ. ನಾಲ್ಕು ಕಡೆ ಬಾಗಿಲುಳ್ಳ ಗರ್ಭಗೃಹದಲ್ಲಿ ಲಿಂಗ. ಒಂದೊಂದು ಬಾಗಿಲಿಗೂ ದೈತ್ಯ ದ್ವಾರಪಾಲಕರು. ಸುತ್ತಲ ಗೋಡೆಗಳಲ್ಲಿ ಕೈಲಾಸವನ್ನು ಅಲುಗಿಸುವ ರಾವಣ, ಶಿವಪಾರ್ವತಿಯರ ಪಗಡೆಯಾಟ, ಕಲ್ಯಾಣಸುಂದರ, ಅಂಧಕಾಸುರನ ವಧೆ, ಗಂಗಾಧರ, ಅರ್ಧನಾರೀಶ್ವರ. ಉತ್ತರದ ಬಾಗಿಲಿನ ಎರಡು ಬದಿಗೆ ಒಂದೆಡೆ ನರ್ತಿಸುವ ಶಿವ, ಇನ್ನೊಂದೆಡೆ ಯೋಗದಲ್ಲಿ ಕುಳಿತ ಶಿವ. ಯೋಗಶಿವನನ್ನು ಲಕುಲೀಶನೆಂದೂ ಹೇಳುತ್ತಾರೆ. ಅಲ್ಲಮಪ್ರಭುಗಳ ಬಳ್ಳಿಗಾವೆಯಲ್ಲಿ ಕೋಡಿಯ ಮಠವನ್ನು ನಡೆಸಿದ ಕಾಳಾಮುಖರಿಗೆ ಲಕುಲೀಶನೇ ಆದಿಗುರು. ಕುಣಿತ ಮತ್ತು ಮೌನ ಎರಡನ್ನೂ ಒಂದೇ ಬಾಗಿಲಿಗೆ ಕಾವಲಿಟ್ಟ ಆ ಕಾಲದ ಜನರ ಮನಸ್ಸು ಎಷ್ಟು ಹಿರಿದಾಗಿತ್ತು!

ಮೂರ್ತಿಗಳಲ್ಲಿ ಬಹಳಷ್ಟು ಭಗ್ನವಾಗಿವೆ. ಹದಿನಾರನೆಯ ಶತಮಾನದಲ್ಲಿ ಈ ದ್ವೀಪ ಪೋರ್ತುಗೀಸರ ವಶವಾಯಿತು. ಅವರ ಸೈನಿಕರು ಕಲ್ಲಿನ ಕಾಲು-ಕೈಗಳನ್ನು ಒಡೆದರು. ಇಲ್ಲಿದ್ದ ಶಾಸನದ ಕಲ್ಲನ್ನು ಪೋರ್ತುಗಾಲಕ್ಕೆ ಕಳುಹಿಸಿದರೆಂದು ಅವರದೇ ಇತಿಹಾಸಕಾರ ಕೂಟೊ ಬರೆದಿಟ್ಟಿದ್ದಾನೆ. ಅದು ಅಲ್ಲಿ ಕಳೆದೇಹೋಯಿತು. ದಂಡೆಯಲ್ಲಿದ್ದ ಕಲ್ಲಾನೆಯಿಂದ ಅವರು ಈ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. ಮುಂದೆ 1864ರಲ್ಲಿ ಆ ಆನೆಯನ್ನು ಇಂಗ್ಲೆಂಡಿಗೆ ಒಯ್ಯಲು ಎತ್ತುವಾಗ ಅದು ಒಡೆದು ಚೂರಾಯಿತು. ಚೂರುಗಳನ್ನು ಜೋಡಿಸಿ ಭಾಯಖಳದ ಉದ್ಯಾನದಲ್ಲಿ ನಿಲ್ಲಿಸಿದ್ದಾರೆ. ಕಾಳಾ ಘೋಡಾದಿಂದ ತೆಗೆದ ಅರಸನ ಪ್ರತಿಮೆಯೂ ಅದೇ ಉದ್ಯಾನದಲ್ಲಿದೆ. ಒಯ್ಯಹೊರಟವರ ಅರಸನೂ ಒಯ್ಯಲಾಗದ ಆನೆಯೂ ಇಂದು ನೆರೆಹೊರೆಯವರು.

ದಕ್ಷಿಣದ ಗೋಡೆಯ ನಡುವೆ ಸದಾಶಿವ. ಎದೆಯವರೆಗಿನ ರೂಪವೇ ಹದಿನೆಂಟು ಅಡಿ ಎತ್ತರ. ತಮ್ಮನನ್ನು ಕೈಹಿಡಿದು ಅದರ ಮುಂದೆ ನಿಲ್ಲಿಸಿದೆವು. ಅವನ ಕಣ್ಣಿಗೆ ಈಗ ನೇರ ಎದುರಿನದಷ್ಟೇ ಕಾಣುತ್ತದೆ. ಎರಡು ಬದಿಯ ನೋಟ ಮಸುಕಾಗಿದೆ.

“ಅಣ್ಣಾ, ನಡುವಿನ ಮುಖಾ ಕಾಣತೈತಿ. ಆಜೂಬಾಜೂ ಕಾಣವಲ್ದು. ನೀವು ನೋಡಿ ಹೇಳ್ರಿ” ಎಂದ.

ನಾವು ಪಾಠ ಹೇಳುವವರ ಧಾಟಿಯಲ್ಲಿ, “ನಡುವೆ ತತ್ಪುರುಷ, ನಮ್ಮ ಎಡಕ್ಕೆ ಅಘೋರ, ಬಲಕ್ಕೆ ವಾಮದೇವ, ಹಿಂದೆ ಸದ್ಯೋಜಾತ, ಮೇಲೆ ಈಶಾನ, ಅವೆರಡೂ ಕಾಣುವುದಿಲ್ಲ” ಎಂದೆವು.

“ಹೆಸರು ನನಗೂ ಗೊತ್ತದಾವ್ರಿ. ಮೀಸಿ ಹ್ಯಾಂಗ ಅದಾವು? ಕೈಯಾಗ ಏನೈತಿ? ತುಟಿ ಹ್ಯಾಂಗೈತಿ?”

ಉತ್ತರ ಹೇಳಲು ನಾವು ನೋಡಬೇಕಾಯಿತು. ಐದು ಮುಖಗಳ ಹೆಸರನ್ನು ಬಾಲ್ಯದಿಂದ ಪಠಿಸಿದವರು ನಾವು. ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ನೋಡಿರಲಿಲ್ಲ. ಎಡದ ಮುಖದ ಹುಬ್ಬು ಗಂಟಿಕ್ಕಿದೆ, ಮೀಸೆ ಸುರುಳಿಗೊಂಡಿದೆ, ಮೂಗು ಗಿಡುಗನ ಕೊಕ್ಕಿನಂತಿದೆ, ಕೈಯ ಹತ್ತಿರ ಹಾವು ಹೆಡೆಯೆತ್ತಿದೆ. ಬಲದ ಮುಖ ಹೆಣ್ಣಿನದು. ಗುಂಗುರು ಕೂದಲು, ಮುತ್ತಿನ ಸರ, ಬೆರಳಿನಲ್ಲಿ ತಾವರೆ, ತುಟಿಯಲ್ಲಿ ಇನ್ನೂ ಬಾರದ ನಗೆ. ನಡುವಿನ ಮುಖ ಕಣ್ಣು ಮುಚ್ಚಿದೆ. ಸಿಟ್ಟೂ ಒಲುಮೆಯೂ ಎರಡೂ ತನ್ನವೇ ಎಂದು ಬಲ್ಲವನ ಶಾಂತಿ ಅದು. ಕಂಡಂತೆ ಒಂದೊಂದನ್ನೇ ಹೇಳುತ್ತಹೋದೆವು. ತಮ್ಮ ಕೇಳುತ್ತ ತನ್ನ ಬೆರಳಿನಿಂದ ನಮ್ಮ ಅಂಗೈಯ ಮೇಲೆ ಆ ಗೆರೆಗಳನ್ನು ಬರೆಯುತ್ತಿದ್ದ. ಒಂದೂ ತಪ್ಪಿರಲಿಲ್ಲ. ನಮ್ಮ ಕಂಠ ತಡೆಯಿತು.

“ತಮ್ಮಾ, ಆ ಗೋಡೆಗೆ ಸುಣ್ಣಾ ಬಳದಾಂವ ನಾನs ಇದ್ದೆ. ಅದು ತಪ್ಪಾತು” ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನಾ ಅಂದs ನೋಡಿದ್ನಿ, ಅಣ್ಣಾ. ಮುಂದ ಇಪ್ಪತ್ತು ವರ್ಷ ಸುಣ್ಣದ ಗ್ವಾಡೀ ಮ್ಯಾಲೆ ಬರದs ಹೊಟ್ಟಿ ಹೊರಕೊಂಡ್ನಿ. ಆದ್ರ ಆ ಎತ್ತಿನ ಬಂಡಿ ಛಲೋ ಬಂದಿತ್ತು” ಎಂದ. ಅದು ಕ್ಷಮೆಯೂ ಹೌದು, ದೂರೂ ಹೌದು. ಎರಡನ್ನೂ ನಾವು ಪಡೆಯಬೇಕಾದದ್ದೇ.

ಹಿಂದಿರುಗುವ ದೋಣಿಯಲ್ಲಿ ಒಂದು ವಿಚಾರ ನಮ್ಮನ್ನು ಬಿಡಲಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿ ಕಂಡವರು ಒಡೆದ ಮೂರ್ತಿಗಳನ್ನು ನೋಡಲು ಕಡಲು ದಾಟುವುದೇಕೆ ಎಂದು ಕೇಳುವವರಿದ್ದಾರೆ. ನಾವೇ ಪ್ರವಚನಗಳಲ್ಲಿ ಹಾಗೆ ಕೇಳಿದ್ದುಂಟು. ಶರಣರು ಬೇಡವೆಂದದ್ದು ಕಲ್ಲನ್ನೇ ದೇವರೆಂದು ತಿಳಿದು ಮನುಷ್ಯನನ್ನು ಮರೆಯುವುದನ್ನು. ಕಲ್ಲಿನಲ್ಲಿ ಉಸಿರು ತುಂಬಿದ ಕೈಯನ್ನು ಅವರು ಹೀಗಳೆಯಲಿಲ್ಲ. ಅನುಭವ ಮಂಟಪದ ಶರಣರಲ್ಲಿ ವೇಷ ಕಟ್ಟುವ ಬಹುರೂಪಿ ಚೌಡಯ್ಯನವರಿದ್ದರು, ಕಿನ್ನರಿ ನುಡಿಸುವ ಬೊಮ್ಮಯ್ಯನವರಿದ್ದರು, ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಗಳಿದ್ದರು. ಇವರ ಹೆಸರುಗಳನ್ನು ನಾವು ಇಪ್ಪತ್ತನೆಯ ವಯಸ್ಸಿಗೇ ಬಾಯಿಪಾಠ ಮಾಡಿದ್ದೆವು. ಆ ಹೆಸರುಗಳು ಬಾಯಿಯಲ್ಲಿದ್ದಾಗಲೇ, ಒಡಹುಟ್ಟಿದವನ ಕಾಯಕವನ್ನು ಭಿಕ್ಷೆಯ ವಿದ್ಯೆಯೆಂದು ಜರಿದೆವು. ಸುಣ್ಣ ಬಳಿದುಕೊಂಡದ್ದು ಗೋಡೆಗಲ್ಲ, ನಮ್ಮ ಕಣ್ಣಿಗೆ.

ಮುಂಬಯಿಗೆ ಹೋಗುವ ಬಂಧುಗಳಿಗೆ ಕೆಲವು ಮಾತು. ಘಾರಾಪುರಿಯ ಗುಹೆಗಳಿಗೆ ಸೋಮವಾರ ರಜೆ. ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ದೋಣಿ ನಿಲ್ಲುತ್ತವೆ. ಕಾರ್ತಿಕದಿಂದ ಮಾಘದವರೆಗೆ ಹೋಗುವುದು ಒಳ್ಳೆಯದು. ಬೆಳಗಿನ ದೋಣಿ ಹಿಡಿಯಿರಿ, ನೀರು ಜೊತೆಗಿರಲಿ. ಮೆಟ್ಟಿಲಿನ ದಾರಿಯಲ್ಲಿ ಮಂಗಗಳು ಕೈಯಲ್ಲಿನ ತಿಂಡಿ ಕಸಿಯುತ್ತವೆ. ನಮ್ಮ ಒಣದ್ರಾಕ್ಷಿಯ ಪೊಟ್ಟಣವೊಂದು ಹಾಗೆಯೇ ಹೋಯಿತು. ಮಕ್ಕಳನ್ನು ಅವಶ್ಯ ಕರೆದೊಯ್ಯಿರಿ, ಅವರ ಕೈಗೆ ಒಂದು ವಹಿ, ಒಂದು ಪೆನ್ಸಿಲು ಕೊಡಿರಿ. ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವ ಅವಸರ ಬೇಡ. ಒಂದು ಶಿಲ್ಪದ ಮುಂದೆ ಕಾಲುಗಂಟೆ ನಿಲ್ಲಿರಿ. ಪಕ್ಕದಲ್ಲಿದ್ದವರಿಗೆ ಕಂಡದ್ದನ್ನು ಹೇಳಿರಿ.

ಊರಿಗೆ ಬರುವಾಗ ತಮ್ಮನು ಟ್ರಂಕಿನಿಂದ ಒಂದು ವಹಿ ತೆಗೆದು ನಮ್ಮ ಚೀಲದಲ್ಲಿಟ್ಟ. ಅದರ ತುಂಬ ಘಾರಾಪುರಿ. ಕೊನೆಯ ಹಾಳೆಯಲ್ಲಿ ಮಾತ್ರ ಜೋಡೆತ್ತಿನ ಬಂಡಿ, ಬುತ್ತಿ ಹೊತ್ತ ತಾಯಿ, ನಂದಿಕೋಲಿನವರು. ಮರೆತಿರಲಿಲ್ಲ. ಈಗ ನಾವು ವಾರಕ್ಕೆರಡು ದಿನ ಪಾಠ ಹೇಳುವ ಪಾಠಶಾಲೆಯಲ್ಲಿ ಆ ವಹಿಯನ್ನು ಹುಡುಗರ ಕೈಗೆ ಕೊಟ್ಟಿದ್ದೇವೆ. ಜಾತ್ರೆಗೆ ಸುಣ್ಣ ಬಳಿಯುವಾಗ ಪೂರ್ವದ ಗೋಡೆಯನ್ನು ಹುಡುಗರಿಗೆ ಬಿಟ್ಟುಕೊಡಬೇಕೆಂದು ಹಿರಿಯರಲ್ಲಿ ಬಿನ್ನವಿಸಿಕೊಂಡೆವು, ಅವರು ಒಪ್ಪಿದ್ದಾರೆ. ತಮ್ಮನಿಗೆ ಕಾಣುವಷ್ಟು ದಿನದೊಳಗೆ ಬಂದು ನೋಡಲು ಹೇಳಿ ಕಳುಹಿಸಿದ್ದೇವೆ. ನಿಮ್ಮ ಮನೆಯ ಗೋಡೆಯ ಮೇಲೆ ಯಾವ ಮಗುವಾದರೂ ಇದ್ದಿಲಿನಿಂದ ಗೆರೆ ಎಳೆದರೆ, ಸುಣ್ಣಕ್ಕೆ ಕೈಹಾಕುವ ಮೊದಲು ಒಮ್ಮೆ ನಿಂತು ನೋಡಿರೆಂಬುದು ನಮ್ಮ ಬಿನ್ನಹ.